ಫರ್ನೇಸ್ ಹೊತ್ತಿಸುವಾಗ ಕಾಯಬೇಕಾದ ಐದು ನಿಮಿಷ

ಅಮೆರಿಕದ ಮಿಷಿಗನ್, ಮಿನೆಸೋಟ, ಇಲಿನಾಯ್ ರಾಜ್ಯಗಳಲ್ಲಾಗಲಿ, ಗಡಿಯಾಚೆಯ ಒಂಟಾರಿಯೊದಲ್ಲಾಗಲಿ ಸ್ವಂತ ಮನೆ ಕೊಂಡ ಕನ್ನಡಿಗರು ಗೃಹಪ್ರವೇಶದ ದಿನ ಹಾಲುಕ್ಕಿಸುವಾಗಲೇ ಆ ಮನೆಯ ಒಲೆಯ ಪರಿಚಯ ಮಾಡಿಕೊಂಡುಬಿಡುತ್ತಾರೆ. ಆದರೆ ಅದೇ ಮನೆಯ ಬೇಸ್‌ಮೆಂಟಿನ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತು, ಆ ಒಲೆಯ ಒಂದು ಬರ್ನರಿಗಿಂತ ಹತ್ತು ಪಟ್ಟು ಗ್ಯಾಸ್ ಉರಿಸಿ ಇಡೀ ಮನೆಗೆ ಬಿಸಿಗಾಳಿ ಕಳಿಸುವ ತಗಡಿನ ಪೆಟ್ಟಿಗೆಯ ಮುಖವನ್ನು ಅವರು ಸರಿಯಾಗಿ ನೋಡುವುದು ಸಾಮಾನ್ಯವಾಗಿ ಅಕ್ಟೋಬರಿನ ಮೊದಲ ಚಳಿಗೆ ಅದು ಹೊತ್ತಿಕೊಳ್ಳದೆ ಹೋದಾಗ. ಇದಕ್ಕೆ ಕನ್ನಡದಲ್ಲಿ ಕುಲುಮೆ ಎಂಬ ಪದವಿದೆಯಾದರೂ, ಕುಲುಮೆ ಎಂದೊಡನೆ ಕಮ್ಮಾರನ ತಿದಿ ಕಣ್ಣಿಗೆ ಕಟ್ಟುವುದರಿಂದ, ಅಲ್ಲಿನ ಕನ್ನಡಿಗರು ಮನೆಯಲ್ಲಿ ಆಡುವ ಹಾಗೆ ಫರ್ನೇಸ್ ಎಂದೇ ಬರೆಯುತ್ತೇನೆ.

ಫರ್ನೇಸಿನ ಮುಂಭಾಗದ ತಗಡನ್ನು ಕಳಚಿದರೆ ಒಳಗೆ ಅಂಟಿಸಿದ ಸೂಚನೆಯ ಚೀಟಿಯೊಂದು ಕಾಣುತ್ತದೆ. ಯಾವ ಕಂಪನಿಯದಾದರೂ ಅದರ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಥರ್ಮೊಸ್ಟ್ಯಾಟನ್ನು (ಕೋಣೆಯ ಶಾಖವನ್ನು ಗೊತ್ತುಮಾಡುವ ಗೋಡೆಯ ಸ್ವಿಚ್ಚನ್ನು) ಅತಿ ಕಡಿಮೆಗೆ ಇಳಿಸಿ, ಕರೆಂಟ್ ಆಫ್ ಮಾಡಿ, ಗ್ಯಾಸ್ ಮುಚ್ಚಿ, ಐದು ನಿಮಿಷ ಕಾಯಿರಿ, ನೆಲಮಟ್ಟದಲ್ಲೂ ಮೂಸಿ ನೋಡಿ, ವಾಸನೆ ಇಲ್ಲವಾದರೆ ಮಾತ್ರ ಮುಂದುವರಿಯಿರಿ. ಓದಿದವರು ಬಹುತೇಕ ಉಳಿದೆಲ್ಲವನ್ನೂ ಪಾಲಿಸುತ್ತಾರೆ. ಹಾರಿಸಿಬಿಡುವುದು ಆ ಐದು ನಿಮಿಷವನ್ನು. ಫರ್ನೇಸನ್ನು ಹೊತ್ತಿಸುವ ಮತ್ತು ಆರಿಸುವ ವಿದ್ಯೆಯ ಮುಕ್ಕಾಲು ಪಾಲು ಎಲ್ಲಿ, ಯಾತಕ್ಕಾಗಿ ಕಾಯಬೇಕು ಎಂಬುದರಲ್ಲೇ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಹೊಸ ಫರ್ನೇಸಿನಲ್ಲಿ ಆ ಕಾಯುವ ಕೆಲಸವನ್ನು ಬಹುಮಟ್ಟಿಗೆ ಸರ್ಕ್ಯೂಟ್ ಬೋರ್ಡ್ ವಹಿಸಿಕೊಂಡಿರುತ್ತದೆ. ಹಳೆಯದರಲ್ಲಿ ಮನೆಯವರೇ ಕಾಯಬೇಕು.

ಕಾಯುವುದೇಕೆ ಎಂದು ತಿಳಿಯಲು ನಮ್ಮ ಅಡುಗೆಮನೆಯ ಒಲೆಯೇ ಸಾಕು. ಒಲೆಯ ನಾಬ್ ತಿರುಗಿಸಿದ ಮೇಲೆ ಲೈಟರ್ ಎರಡು ಸಲ ಕಿಡಿ ಕೊಡದೆ ಮೂರನೆಯ ಸಲ ಕೊಟ್ಟಾಗ ‘ಭುಗ್’ ಎಂದು ಬೆಂಕಿ ಮೇಲೆದ್ದು ಕೈ ಹಿಂದಕ್ಕೆಳೆದುಕೊಂಡ ಅನುಭವ ಇಲ್ಲದವರು ಕಡಿಮೆ. ಕಿಡಿ ತಡವಾದ ಆ ಎರಡು ಮೂರು ಸೆಕೆಂಡುಗಳಲ್ಲಿ ಶೇಖರವಾದ ಗ್ಯಾಸ್ ಒಮ್ಮೆಲೇ ಹೊತ್ತಿಕೊಂಡದ್ದೇ ಆ ‘ಭುಗ್’. ಒಲೆಯ ಸುತ್ತ ತೆರೆದ ಗಾಳಿ ಇರುವುದರಿಂದ ಅದು ಅಷ್ಟಕ್ಕೇ ಮುಗಿಯುತ್ತದೆ. ಫರ್ನೇಸಿನಲ್ಲಿ ಬೆಂಕಿ ಉರಿಯುವುದು ಉಕ್ಕಿನ ಕೊಳವೆಗಳ ಒಳಗೆ, ಮುಚ್ಚಿದ ಪೆಟ್ಟಿಗೆಯಲ್ಲಿ. ಗಂಟೆಗೆ 80,000 ಬಿಟಿಯು (ಶಾಖ ಅಳೆಯುವ ಬ್ರಿಟಿಷ್ ಮಾನ) ಶಕ್ತಿಯ ಮಧ್ಯಮ ಗಾತ್ರದ ಫರ್ನೇಸ್, ಅಂದರೆ ಸುಮಾರು 23 ಕಿಲೋವ್ಯಾಟಿನದು, ಸೆಕೆಂಡಿಗೆ ಅರ್ಧ ಲೀಟರಿಗೂ ಹೆಚ್ಚು ನೈಸರ್ಗಿಕ ಅನಿಲವನ್ನು ಉರಿಸುತ್ತದೆ. ಹತ್ತು ಸೆಕೆಂಡು ಜ್ವಾಲೆಯಿಲ್ಲದೆ ಗ್ಯಾಸ್ ಹರಿದರೆ ಆರು ಲೀಟರಿನಷ್ಟು ಒಳಗೆ ನಿಲ್ಲುತ್ತದೆ. ಅದು ಗಾಳಿಯೊಂದಿಗೆ ಬೆರೆತರೆ ಅರವತ್ತು ಲೀಟರಿನಷ್ಟು ಸಿಡಿಯಬಲ್ಲ ಮಿಶ್ರಣವಾಗುತ್ತದೆ. ಆಮೇಲೆ ಬರುವ ಕಿಡಿ ಮುಂಭಾಗದ ತಗಡನ್ನು ಕಿತ್ತೆಸೆಯಬಲ್ಲದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್ ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೂ ಹೆಚ್ಚಿದ್ದರೂ ಹೊತ್ತುವುದಿಲ್ಲ. ಹಾಗಾಗಿ ಗ್ಯಾಸ್ ದಟ್ಟವಾಗಿ ತುಂಬಿದ ಪೆಟ್ಟಿಗೆಯಲ್ಲಿ ಕಿಡಿ ಹೊಡೆದಾಗ ಏನೂ ಆಗದಿರಬಹುದು, ಗಾಳಿಯಾಡಿ ಅದು ತೆಳುವಾಗುತ್ತ ಬಂದಾಗ ಅದೇ ಕಿಡಿ ಅಪಾಯ ತಂದೀತು. ‘ಆಗ ಹೊತ್ತಲಿಲ್ಲ, ಈಗ ಇನ್ನೊಮ್ಮೆ ನೋಡೋಣ’ ಎಂದು ಅರ್ಧ ನಿಮಿಷದಲ್ಲಿ ಮತ್ತೆ ಬೆಂಕಿಕಡ್ಡಿ ಗೀರುವುದು ಇದೇ ಕಾರಣಕ್ಕೆ ತಪ್ಪು. ಐದು ನಿಮಿಷ ಎಂಬುದು ಪೆಟ್ಟಿಗೆಯಲ್ಲಿ ಉಳಿದ ಗ್ಯಾಸ್ ಚದುರಿ ಹೋಗಲು ಕೊಡುವ ಸಮಯ.

ಪೆಟ್ಟಿಗೆಯೊಳಗೆ ನಡೆಯುವುದು

ಹೊಸ ಫರ್ನೇಸ್ ಹೊತ್ತಿಕೊಳ್ಳುವುದನ್ನು ಒಮ್ಮೆ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತು ನೋಡಿದರೆ ಅರ್ಧ ಕೈಪಿಡಿ ಓದಿದಂತೆ. ಥರ್ಮೊಸ್ಟ್ಯಾಟ್ ಎನ್ನುವುದು ಮೂಲದಲ್ಲಿ ಗೋಡೆಯ ಮೇಲಿನ ಒಂದು ಸ್ವಿಚ್. ಕೋಣೆಯ ಶಾಖ ನಾವು ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದಾಗ ಅದು 24 ವೋಲ್ಟಿನ ತಂತಿಗಳನ್ನು ಕೂಡಿಸಿ ಕೆಳಗಿನ ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ. ಬೋರ್ಡ್ ಕೂಡಲೇ ಗ್ಯಾಸಿಗೆ ಕೈ ಹಾಕುವುದಿಲ್ಲ. ಮೊದಲು ಹೊಗೆ ಎಳೆಯುವ ಸಣ್ಣ ಫ್ಯಾನ್ ತಿರುಗತೊಡಗುತ್ತದೆ. ಕೊಳವೆಗಳಲ್ಲಿ ಹಿಂದಿನ ಸಲದ ಹೊಗೆಯೋ ಗ್ಯಾಸೋ ಉಳಿದಿದ್ದರೆ ಅದನ್ನು ಹೊರಗೆ ದೂಡುವುದು ಅದರ ಕೆಲಸ. ಚೀಟಿಯಲ್ಲಿರುವ ಐದು ನಿಮಿಷದ ಕೆಲಸವನ್ನು ಈ ಫ್ಯಾನ್ ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತದೆ. ಫ್ಯಾನ್ ನಿಜವಾಗಿಯೂ ಗಾಳಿ ಎಳೆಯುತ್ತಿದೆಯೇ ಎಂದು ಪರೀಕ್ಷಿಸಲು ರಬ್ಬರ್ ನಳಿಕೆಯ ತುದಿಯಲ್ಲಿ ತಟ್ಟೆಯಾಕಾರದ ಪ್ರೆಷರ್ ಸ್ವಿಚ್ ಇರುತ್ತದೆ. ಮನೆಯ ಹೊರಗೆ ಹೊಗೆ ಬಿಡುವ ಕೊಳವೆಯ ಬಾಯಿ ಹಿಮದಿಂದಲೋ ಹಕ್ಕಿಯ ಗೂಡಿನಿಂದಲೋ ಮುಚ್ಚಿದ್ದರೆ ಈ ಸ್ವಿಚ್ ಕೂಡುವುದಿಲ್ಲ, ಸ್ವಿಚ್ ಕೂಡದೆ ಮುಂದಿನ ಹೆಜ್ಜೆ ಇಲ್ಲ.

ಆಮೇಲೆ ಕಾಣುವುದೇ ನೋಡತಕ್ಕದ್ದು. ಬೆರಳಿನಷ್ಟು ಚಿಕ್ಕ ಪಿಂಗಾಣಿಯಂಥ ಪಟ್ಟಿಯೊಂದು ಮೊದಲು ಮಂಕಾಗಿ ಕೆಂಪಗೆ, ಆಮೇಲೆ ಕಿತ್ತಳೆ ಬಣ್ಣಕ್ಕೆ, ಕೊನೆಗೆ ಕಣ್ಣು ಕುಕ್ಕುವ ಹಳದಿಗೆ ತಿರುಗುತ್ತದೆ. ಇದೇ ಇಗ್ನೈಟರ್, ಸಿಲಿಕಾನ್ ಕಾರ್ಬೈಡ್ ಇಲ್ಲವೆ ಸಿಲಿಕಾನ್ ನೈಟ್ರೈಡಿನಿಂದ ಮಾಡಿದ ಇದರ ಶಾಖ 1000 ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಅದು ಪೂರ್ತಿ ಕಾದ ಮೇಲಷ್ಟೇ ಗ್ಯಾಸ್ ವಾಲ್ವ್ ‘ಟಕ್’ ಎಂದು ತೆರೆಯುತ್ತದೆ. ಒಂದು ತುದಿಯ ಬರ್ನರ್ ಹೊತ್ತಿಕೊಂಡು, ಬೆಂಕಿ ಪಕ್ಕದ ಬರ್ನರುಗಳಿಗೆ ದೀಪದಿಂದ ದೀಪಕ್ಕೆ ಹರಿದಂತೆ ‘ಹುಸ್’ ಎಂದು ದಾಟಿ, ಇನ್ನೊಂದು ತುದಿಯನ್ನು ಮುಟ್ಟುತ್ತದೆ. ಆ ತುದಿಯಲ್ಲಿ ಒಂದು ತೆಳ್ಳನೆಯ ಲೋಹದ ಕಡ್ಡಿ ಜ್ವಾಲೆಗೆ ಮುಖ ಒಡ್ಡಿ ನಿಂತಿರುತ್ತದೆ. ಬೆಂಕಿಗೆ ವಿದ್ಯುತ್ತನ್ನು ಹರಿಯಗೊಡುವ ಗುಣವಿದೆ. ಕಡ್ಡಿಗೆ ಕೊಟ್ಟ ಪರ್ಯಾಯ ವಿದ್ಯುತ್ತು ಜ್ವಾಲೆಯನ್ನು ದಾಟುವಾಗ ಕೆಲವೇ ಮೈಕ್ರೋಆಂಪಿಯರಿನಷ್ಟು ನೇರ ವಿದ್ಯುತ್ತಾಗಿ ಮಾರ್ಪಡುತ್ತದೆ. ಆ ಅಲ್ಪ ಹರಿವು ಬೋರ್ಡಿಗೆ ತಲುಪಿದರೆ ‘ಬೆಂಕಿ ಇದೆ’ ಎಂದರ್ಥ. ಕೆಲವು ಸೆಕೆಂಡುಗಳೊಳಗೆ ತಲುಪದಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ಫ್ಯಾನ್ ಮತ್ತೆ ಒಳಗನ್ನೆಲ್ಲ ಗುಡಿಸುತ್ತದೆ, ಇಡೀ ಕ್ರಮ ಮೊದಲಿನಿಂದ ಆರಂಭವಾಗುತ್ತದೆ.

ಬೆಂಕಿ ಹೊತ್ತಿದರೂ ಮನೆಗೆ ಬಿಸಿಗಾಳಿ ಒಡನೆಯೇ ಬರುವುದಿಲ್ಲ. ಕೊಳವೆಗಳು ಕಾಯಲು ಅರ್ಧ ನಿಮಿಷ, ಕೆಲವದರಲ್ಲಿ ಅದಕ್ಕೂ ಸ್ವಲ್ಪ ಹೆಚ್ಚು ಸಮಯ ಕೊಟ್ಟು, ಮನೆಗೆ ಗಾಳಿ ತಳ್ಳುವ ದೊಡ್ಡ ಫ್ಯಾನ್, ಅಂದರೆ ಬ್ಲೋವರ್, ಓಡತೊಡಗುತ್ತದೆ. ಥರ್ಮೊಸ್ಟ್ಯಾಟ್ ಒತ್ತಿ ಅರ್ಧ ನಿಮಿಷವಾದರೂ ಗಾಳಿ ಬರಲಿಲ್ಲವೆಂದು ಮತ್ತೆ ಮತ್ತೆ ಗುಂಡಿ ಒತ್ತುವವರು ಕ್ರಮವನ್ನು ಪ್ರತಿ ಸಲ ಮೊದಲಿನಿಂದ ಓಡಿಸುತ್ತಿರುತ್ತಾರೆ ಅಷ್ಟೆ.

ಋತುವಿನ ಮೊದಲ ಬೆಂಕಿ

ಬೇಸಗೆಯಿಡೀ ಸುಮ್ಮನಿದ್ದ ಫರ್ನೇಸನ್ನು ಎಬ್ಬಿಸುವ ಮುನ್ನ ಹತ್ತು ನಿಮಿಷದ ತಯಾರಿ ಬೇಕು. ಫಿಲ್ಟರನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ. ಬೆಳಕು ಹಾಯದಷ್ಟು ಧೂಳು ಕುಳಿತಿದ್ದರೆ ಬದಲಾಯಿಸಿ, ಹೊಸದನ್ನು ಹಾಕುವಾಗ ಅದರ ಅಂಚಿನ ಬಾಣದ ಗುರುತು ಫರ್ನೇಸಿನ ಕಡೆಗೆ ಇರಲಿ. ಕಟ್ಟಿಕೊಂಡ ಫಿಲ್ಟರ್ ಮೂಲಕ ಗಾಳಿ ಹಾಯದಿದ್ದರೆ ಕೊಳವೆಗಳು ಅತಿಯಾಗಿ ಕಾದು, ಶಾಖದ ಮಿತಿಯನ್ನು ಕಾಯುವ ಲಿಮಿಟ್ ಸ್ವಿಚ್ ಗ್ಯಾಸನ್ನು ನಿಲ್ಲಿಸಿಬಿಡುತ್ತದೆ. ಬ್ಲೋವರ್ ಮಾತ್ರ ಓಡುತ್ತಲೇ ಇರುತ್ತದೆ. ‘ಫರ್ನೇಸ್ ಓಡುತ್ತಿದೆ, ತಣ್ಣನೆಯ ಗಾಳಿ ಬರುತ್ತಿದೆ’ ಎಂಬ ದೂರುಗಳಲ್ಲಿ ಅನೇಕವು ಹೀಗೆ ಒಂದು ಹಾಳೆ ಫಿಲ್ಟರಿಗೆ ಬಂದು ನಿಲ್ಲುತ್ತವೆ. ಬಳಸದ ಕೋಣೆಗಳ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಉಳಿತಾಯ ಮಾಡಲು ಹೋದರೂ ಇದೇ ಫಲ.

ಮನೆಯ ಹೊರಗೆ ಒಂದು ಸುತ್ತು ಹಾಕಿ. ಹೊಗೆಯಲ್ಲಿನ ನೀರಾವಿಯನ್ನೂ ಹಿಂಡಿ ಶಾಖ ತೆಗೆಯುವ, ಶೇಕಡಾ 90ಕ್ಕೂ ಮೇಲಿನ ದಕ್ಷತೆಯ ಫರ್ನೇಸುಗಳ ಹೊಗೆ ಬಿಳಿಯ ಪಿವಿಸಿ ಕೊಳವೆಯಲ್ಲಿ ಪಕ್ಕದ ಗೋಡೆಯಿಂದ ಹೊರಬೀಳುತ್ತದೆ. ಕೆನಡಾದಲ್ಲಿ 2009ರ ಕೊನೆಯಿಂದ ಹೊಸ ಮನೆ ಫರ್ನೇಸುಗಳಿಗೆ ಈ ಮಟ್ಟದ ದಕ್ಷತೆ ಕಡ್ಡಾಯವಾದ್ದರಿಂದ ಅಲ್ಲಿ ಇಂಥವೇ ಹೆಚ್ಚು. ಈ ಕೊಳವೆಯ ಬಾಯಿ ನೆಲಕ್ಕೆ ಹತ್ತಿರವಿರುವುದುಂಟು. ಹಿಮಪಾತವಾದ ಬೆಳಗ್ಗೆ ಕಾರಿನ ದಾರಿಯ ಹಿಮ ತೆಗೆದು ಅದನ್ನೇ ಕೊಳವೆಯ ಬಾಯಿಯ ಮೇಲೆ ರಾಶಿ ಹಾಕುವುದು ಹೊಸಬರು ಮಾಡುವ ತಪ್ಪು.

ಇನ್ನು ಫರ್ನೇಸಿನ ಸುತ್ತಲ ಜಾಗ. ನಮ್ಮವರ ಬೇಸ್‌ಮೆಂಟಿನಲ್ಲಿ ಆ ಮೂಲೆಯೇ ದಸರಾ ಗೊಂಬೆಗಳ ಪೆಟ್ಟಿಗೆಗೂ, ಊರಿಗೆ ಹೋಗುವ ಖಾಲಿ ಸೂಟ್‌ಕೇಸುಗಳಿಗೂ, ಇಪ್ಪತ್ತು ಪೌಂಡಿನ ಅಕ್ಕಿಮೂಟೆಗೂ ಗೊತ್ತಾದ ಸ್ಥಳವಾಗಿಬಿಟ್ಟಿರುತ್ತದೆ. ಮುಂಭಾಗದಲ್ಲಿ ಮೂರು ಅಡಿಯಾದರೂ ಖಾಲಿ ಬಿಡಬೇಕು. ಪೇಂಟ್, ಥಿನ್ನರ್, ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಇವು ಆ ಕೋಣೆಯಲ್ಲೇ ಇರಬಾರದು. ಬ್ಲೀಚ್ ಕೂಡ ಅಲ್ಲಿ ಬೇಡ. ಅದರ ಕ್ಲೋರಿನ್ ಆವಿ ಉರಿಗೆ ಸಿಕ್ಕು ಆಮ್ಲವಾಗಿ ಕೊಳವೆಗಳ ಉಕ್ಕನ್ನು ತಿನ್ನುತ್ತದೆ.

ತಯಾರಿ ಮುಗಿದ ಮೇಲೆ ಕ್ರಮ ಹೀಗೆ. ಥರ್ಮೊಸ್ಟ್ಯಾಟನ್ನು ಆಫ್‌ಗೆ ಇಲ್ಲವೆ ಅತಿ ಕಡಿಮೆಗೆ ತನ್ನಿ. ಫರ್ನೇಸಿನ ಕರೆಂಟ್ ಸ್ವಿಚ್ಚನ್ನು ಆರಿಸಿ. ಇದು ನೋಡಲು ದೀಪದ ಸ್ವಿಚ್ಚಿನಂತೆಯೇ ಇದ್ದು, ಎಷ್ಟೋ ಮನೆಗಳಲ್ಲಿ ಕೆಂಪು ತಗಡಿನ ಮೇಲೆ, ಫರ್ನೇಸಿನ ಮೈಗೆ ಅಥವಾ ಬೇಸ್‌ಮೆಂಟ್ ಮೆಟ್ಟಿಲಿನ ತಲೆಗೆ ಇರುತ್ತದೆ. ಮನೆಗೆ ಬಂದ ಅತಿಥಿಗಳು ದೀಪ ಆರಿಸುತ್ತೇವೆಂದು ಅದನ್ನು ಆರಿಸಿ, ಮಧ್ಯರಾತ್ರಿ ಎಲ್ಲರೂ ಕಂಬಳಿ ಹುಡುಕಿದ ಪ್ರಸಂಗಗಳು ಎಷ್ಟೋ. ಫರ್ನೇಸ್ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಈ ಸ್ವಿಚ್ಚನ್ನು ನೋಡುವುದು ಒಳ್ಳೆಯದು. ಅನಂತರ ಮುಂಭಾಗದ ತಗಡು ತೆಗೆದು, ಒಳಗಿನ ಗ್ಯಾಸ್ ವಾಲ್ವಿನ ಗುಂಡಿಯನ್ನು ಆಫ್‌ಗೆ ತಿರುಗಿಸಿ, ಐದು ನಿಮಿಷ ಗಡಿಯಾರ ನೋಡಿಯೇ ಕಾಯಿರಿ. ಆ ಬಳಿಕ ಮೂಸಿ ನೋಡಬೇಕು. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಪೈಪ್‌ಲೈನ್ ಇಲ್ಲದ ಹಳ್ಳಿಗಾಡಿನ ಮನೆಗಳಲ್ಲಿ ಹಿತ್ತಲ ಟ್ಯಾಂಕಿನಿಂದ ಬರುವ ಪ್ರೋಪೇನ್, ನಮ್ಮ ಸಿಲಿಂಡರಿನ ಎಲ್‌ಪಿಜಿಯ ಹಾಗೆಯೇ, ಗಾಳಿಯ ಒಂದೂವರೆ ಪಟ್ಟು ಭಾರ. ಅದು ನೆಲಕ್ಕೆ ಇಳಿದು ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ನೆಲದ ಹತ್ತಿರವೂ ಮೂಸಿ ಎಂದು ಚೀಟಿ ಹೇಳುವುದು ಇದಕ್ಕೇ.

ವಾಸನೆ ಇಲ್ಲವೆಂದು ಖಾತ್ರಿಯಾದರೆ ಪೈಪಿನ ಮೇಲಿನ ಗ್ಯಾಸ್ ಕಾಕ್ ನೋಡಿ: ಅದರ ಹಿಡಿ ಪೈಪಿನ ಉದ್ದಕ್ಕೆ ಮಲಗಿದ್ದರೆ ತೆರೆದಿದೆ, ಅಡ್ಡ ನಿಂತಿದ್ದರೆ ಮುಚ್ಚಿದೆ. ಒಳಗಿನ ಗುಂಡಿಯನ್ನು ಆನ್‌ಗೆ ತಿರುಗಿಸಿ, ತಗಡನ್ನು ಸರಿಯಾಗಿ ಕೂರಿಸಿ, ಕರೆಂಟ್ ಕೊಟ್ಟು, ಕೊನೆಗೆ ಥರ್ಮೊಸ್ಟ್ಯಾಟನ್ನು ಕೋಣೆಯ ಶಾಖಕ್ಕಿಂತ ಐದಾರು ಡಿಗ್ರಿ ಮೇಲಕ್ಕೆ ಏರಿಸಿ. ತಗಡು ಕೂದಲೆಳೆಯಷ್ಟು ಸರಿದು ಕುಳಿತರೂ ಅದರ ಹಿಂದಿನ ಬಾಗಿಲು ಸ್ವಿಚ್ ಒತ್ತಿಕೊಳ್ಳದೆ ಫರ್ನೇಸ್ ಸತ್ತಂತೆ ಬಿದ್ದಿರುತ್ತದೆ. ಗುಂಡಿ ಕೈಯಿಂದ ತಿರುಗದಿದ್ದರೆ ಇಕ್ಕಳ ಹಾಕಿ ತಿರುಗಿಸಬಾರದು. ಬಲಪ್ರಯೋಗದಿಂದ ವಾಲ್ವ್ ಒಳಗೊಳಗೇ ಬಿರುಕು ಬಿಟ್ಟೀತು. ಇಗ್ನೈಟರಿರುವ ಫರ್ನೇಸನ್ನು ಬೆಂಕಿಕಡ್ಡಿಯಿಂದ ಹೊತ್ತಿಸಲು ಹೋಗಲೇಬಾರದು.

ಮೊದಲ ಬೆಂಕಿಗೆ ಮನೆಯಿಡೀ ಸುಟ್ಟ ಧೂಳಿನ ವಾಸನೆ ಬರುತ್ತದೆ. ಬೇಸಗೆಯಲ್ಲಿ ಕೊಳವೆಗಳ ಮೇಲೆ ಕುಳಿತದ್ದು ಸುಡುತ್ತಿದೆ ಎಂದು ತಿಳಿದು ಕಿಟಕಿ ತೆರೆದಿಟ್ಟರೆ ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ, ಕೊಳೆತ ಮೊಟ್ಟೆಯ ವಾಸನೆ ಇವೆರಡೂ ಬೇರೆ. ಅವಕ್ಕೆ ಕಾಯುವ ಮಾತಿಲ್ಲ.

ಪೈಲಟ್ ಜ್ವಾಲೆಯ ಹಳೆಯ ಪೆಟ್ಟಿಗೆ

ಅಮೆರಿಕದಲ್ಲಿ 1992ರಿಂದ ಹೊಸ ಫರ್ನೇಸುಗಳಿಗೆ ಕನಿಷ್ಠ ಶೇಕಡಾ 78ರ ದಕ್ಷತೆ ಕಡ್ಡಾಯವಾದ ಮೇಲೆ ಸದಾ ಉರಿಯುವ ಪೈಲಟ್ ಜ್ವಾಲೆ ಬಹುಮಟ್ಟಿಗೆ ಕಣ್ಮರೆಯಾಯಿತು. ಆದರೂ ಹಳೆಯ ಬಾಡಿಗೆ ಮನೆಗಳಲ್ಲಿ ಅದು ಇನ್ನೂ ಸಿಗುತ್ತದೆ. ನಂದಾದೀಪದಂತೆ ಉರಿಯುವ ಆ ಪುಟ್ಟ ಜ್ವಾಲೆಗೆ ತಾಗಿ ಥರ್ಮೊಕಪಲ್ ಎಂಬ ಕಡ್ಡಿ ಇರುತ್ತದೆ. ಎರಡು ಲೋಹಗಳ ಬೆಸುಗೆ ಕಾದಾಗ ಹುಟ್ಟುವ, ಹೆಚ್ಚೆಂದರೆ ಮೂವತ್ತು ಮಿಲಿವೋಲ್ಟಿನ ವಿದ್ಯುತ್ತೇ ಗ್ಯಾಸ್ ವಾಲ್ವಿನೊಳಗಿನ ಅಯಸ್ಕಾಂತವನ್ನು ಎಳೆದು ಹಿಡಿದಿರುತ್ತದೆ. ಜ್ವಾಲೆ ನಂದಿದರೆ ಕಡ್ಡಿ ತಣಿದು, ಹಿಡಿತ ಬಿಟ್ಟು, ಗ್ಯಾಸ್ ನಿಲ್ಲುತ್ತದೆ. ಹೊರಗಿನ ಕರೆಂಟನ್ನೇ ಬೇಡದ ಈ ಏರ್ಪಾಟು ನನಗೆ ಇಂದಿಗೂ ಜಾಣತನದ್ದೆನಿಸುತ್ತದೆ.

ಪೈಲಟ್ ಹೊತ್ತಿಸುವಾಗ ಮೇಲಿನ ಕ್ರಮದಲ್ಲೇ ಎಲ್ಲವನ್ನೂ ಆರಿಸಿ, ಐದು ನಿಮಿಷ ಕಾದು, ಮೂಸಿ ನೋಡಿದ ಬಳಿಕ ಗುಂಡಿಯನ್ನು ‘ಪೈಲಟ್’ ಎಂಬ ಗುರುತಿಗೆ ತಂದು ಒಳಕ್ಕೆ ಒತ್ತಿ ಹಿಡಿಯಬೇಕು. ಉದ್ದ ಮೂತಿಯ ಲೈಟರಿನಿಂದ ಪೈಲಟ್ ಹೊತ್ತಿಸಿ, ಮುಖವನ್ನು ಬರ್ನರಿನ ನೇರಕ್ಕೆ ಒಡ್ಡದೆ, ಸುಮಾರು ಒಂದು ನಿಮಿಷ ಗುಂಡಿಯನ್ನು ಹಾಗೆಯೇ ಒತ್ತಿಕೊಂಡಿರಬೇಕು. ಥರ್ಮೊಕಪಲ್ ಕಾಯಲು ಆ ಒಂದು ನಿಮಿಷ ಬೇಕೇ ಬೇಕು. ಹದಿನೈದು ಸೆಕೆಂಡಿಗೆ ಕೈ ಬಿಟ್ಟವರು ‘ಪೈಲಟ್ ನಿಲ್ಲುತ್ತಿಲ್ಲ’ ಎನ್ನುತ್ತಾರೆ. ಕೈ ಬಿಟ್ಟಾಗ ಗುಂಡಿ ಪುಟಿದು ಹೊರಬರಬೇಕು. ಬಾರದೆ ಒಳಗೇ ಸಿಕ್ಕಿಕೊಂಡರೆ ಗ್ಯಾಸ್ ಮುಚ್ಚಿ ಮೆಕ್ಯಾನಿಕ್‌ನನ್ನು ಕರೆಯಬೇಕು. ಜ್ವಾಲೆ ನಂದಿದರೆ ಮತ್ತೆ ಆಫ್, ಮತ್ತೆ ಐದು ನಿಮಿಷ. ನಿಂತರೆ ಗುಂಡಿಯನ್ನು ಆನ್‌ಗೆ ತಿರುಗಿಸಿ, ತಗಡು ಮುಚ್ಚಿ, ಕರೆಂಟ್ ಕೊಡಿ.

ಎರಡೂ ಬಗೆಯಲ್ಲಿ ಜ್ವಾಲೆ ನೀಲಿಯಾಗಿ, ನಿಶ್ಚಲವಾಗಿ ಇರಬೇಕು. ಧೂಳಿನ ಕಣಕ್ಕೆ ಆಗಾಗ ಮಿಂಚುವ ಕಿತ್ತಳೆ ಕಿಡಿಗೆ ಹೆದರಬೇಕಾಗಿಲ್ಲ. ಇಡೀ ಜ್ವಾಲೆ ಹಳದಿಯಾಗಿ ಸೋಮಾರಿಯಂತೆ ಬಳುಕುತ್ತಿದ್ದರೆ, ಅಥವಾ ಬ್ಲೋವರ್ ಓಡತೊಡಗಿದ ಕ್ಷಣ ಜ್ವಾಲೆ ಅಲುಗಿ ಹೊರಕ್ಕೆ ಬಾಗಿದರೆ ಆರಿಸಿಬಿಡಿ. ಎರಡನೆಯದು ಕೊಳವೆಯಲ್ಲಿ ಬಿರುಕಿರಬಹುದೆಂಬ ಸೂಚನೆ.

ಹೊತ್ತದಿದ್ದಾಗ

ಬೋರ್ಡ್ ಸಾಮಾನ್ಯವಾಗಿ ಮೂರು ಸಲವೋ ಮತ್ತೊಂದೆರಡು ಸಲವೋ ಪ್ರಯತ್ನಿಸಿ, ಆಗದಿದ್ದರೆ ತಾನೇ ಬಾಗಿಲು ಹಾಕಿಕೊಂಡು ಕೂರುತ್ತದೆ. ಅದರ ಮೇಲಿನ ಚಿಕ್ಕ ದೀಪ ಎಷ್ಟು ಸಲ ಮಿಟುಕುತ್ತದೆ ಎಂದು ಎಣಿಸಿ, ತಗಡಿನ ಹಿಂಬದಿಯ ಪಟ್ಟಿಯಲ್ಲಿ ಆ ಸಂಖ್ಯೆಗೆ ಏನು ಅರ್ಥವೆಂದು ನೋಡಬಹುದು. ಕೆಂಪು ಸ್ವಿಚ್ಚನ್ನು ಆರಿಸಿ ಹಾಕಿದರೆ ಬೋರ್ಡ್ ಹಳೆಯದನ್ನು ಮರೆತು ಮತ್ತೆ ಪ್ರಯತ್ನಿಸುತ್ತದೆ. ಇದನ್ನು ಒಂದು ಸಲ ಮಾಡುವುದು ಸರಿ. ಹತ್ತು ಸಲ ಮಾಡುವವನು ಯಂತ್ರ ಜೋಪಾನವಾಗಿ ಇಟ್ಟುಕೊಂಡ ಎಣಿಕೆಯನ್ನು ಅಳಿಸಿ ಹಾಕುತ್ತಾನೆ. ಜ್ವಾಲೆ ಹೊತ್ತಿ ಐದಾರು ಸೆಕೆಂಡಿನಲ್ಲೇ ಆರುತ್ತಿದ್ದರೆ ಬಹುಪಾಲು ಆ ಜ್ವಾಲೆ ಕಾಯುವ ಕಡ್ಡಿಗೆ ಮಸಿ ಕಟ್ಟಿರುತ್ತದೆ. ಕರೆಂಟ್ ಮತ್ತು ಗ್ಯಾಸ್ ಎರಡನ್ನೂ ನಿಲ್ಲಿಸಿ ಒಂದು ಸ್ಕ್ರೂ ಬಿಚ್ಚಿ ನಯವಾಗಿ ಉಜ್ಜಿದರೆ ಸರಿಯಾಗುವುದುಂಟು. ಪಕ್ಕದ ಇಗ್ನೈಟರನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಅದು ಬಿಸ್ಕತ್ತಿನಷ್ಟು ಸುಲಭವಾಗಿ ಮುರಿಯುತ್ತದೆ. ಬಾಗಿಲು ಸ್ವಿಚ್ಚಿಗೆ ಟೇಪ್ ಸುತ್ತುವುದು, ಪ್ರೆಷರ್ ಸ್ವಿಚ್ಚಿನ ಎರಡು ತಂತಿ ಕೂಡಿಸಿ ‘ಓಡಿಸುವುದು’ ಇವನ್ನು ವಿಡಿಯೊಗಳಲ್ಲಿ ತೋರಿಸುವವರಿದ್ದಾರೆ. ಹೊಗೆ ಹೊರಗೆ ಹೋಗುತ್ತಿದೆಯೇ ಎಂದು ಕೇಳುವ ಒಬ್ಬನೇ ಕಾವಲುಗಾರನ ಬಾಯಿ ಕಟ್ಟುವ ಕೆಲಸವಿದು.

ವಾಸನೆ ಬಂದರೆ

ಇಲ್ಲಿ ನಮ್ಮ ಊರಿನ ಅಭ್ಯಾಸ ಅಡ್ಡ ಬರುತ್ತದೆ. ಕರ್ನಾಟಕದ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಬೇಕೆಂದು ಕಲಿತಿದ್ದೇವೆ. ಸಿಲಿಂಡರ್ ಕೈಗೆಟಕುವಷ್ಟು ಹತ್ತಿರ, ಅದರಲ್ಲಿರುವುದು 14.2 ಕಿಲೋ. ಅಲ್ಲಿನ ಮನೆಯಲ್ಲಿ ಗ್ಯಾಸ್ ರಸ್ತೆಯ ಪೈಪಿನಿಂದ ಬರುತ್ತದೆ, ಬರಿದಾಗುವುದಿಲ್ಲ. ಸೋರುತ್ತಿರುವ ಜಾಗ ಬೇಸ್‌ಮೆಂಟ್ ಆದರೆ, ವಾಲ್ವ್ ಮುಚ್ಚಲು ಮೆಟ್ಟಿಲಿಳಿಯುವುದೆಂದರೆ ಆ ಗ್ಯಾಸಿನೊಳಗೇ ಇಳಿಯುವುದು. ಆದ್ದರಿಂದ ದೀಪದ ಸ್ವಿಚ್ ಹಾಕದೆ, ಇದ್ದುದನ್ನು ಆರಿಸದೆ, ಒಳಗಿನಿಂದ ಫೋನ್ ಮಾಡದೆ, ಕಿಟಕಿ ತೆರೆಯಲು ಕೋಣೆ ಕೋಣೆ ಸುತ್ತದೆ ಎಲ್ಲರೂ ಹೊರಗೆ ಹೋಗಬೇಕು. ಪಕ್ಕದ ಮನೆಯ ಹತ್ತಿರ ನಿಂತು ಗ್ಯಾಸ್ ಕಂಪನಿಗೋ ಅಲ್ಲಿನ ತುರ್ತು ಸಂಖ್ಯೆಯಾದ 911ಕ್ಕೋ ಕರೆ ಮಾಡಬೇಕು.

ಸ್ವಿಚ್ಚಿನ ಕಿಡಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಇತಿಹಾಸವೂ ಕಾರಣ. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ಯಾರ ಮೂಗಿಗೂ ತಿಳಿಯದೆ ತುಂಬಿಕೊಂಡಿದ್ದ ಗ್ಯಾಸ್, ಮರ ಉಜ್ಜುವ ಯಂತ್ರವೊಂದರ ಸ್ವಿಚ್ ಹಾಕಿದಾಗ ಸಿಡಿದು ಸುಮಾರು 300 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅದರ ಬೆನ್ನಿಗೇ ಟೆಕ್ಸಾಸ್ ರಾಜ್ಯ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸುವ ಕಾನೂನು ಮಾಡಿತು. ನಮ್ಮ ಸಿಲಿಂಡರಿನಲ್ಲೂ ಬರುವ ಆ ವಾಸನೆ ಮರ್ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತದ್ದು.

ಕಾರ್ಬನ್ ಮಾನಾಕ್ಸೈಡಿಗೆ ಅಂಥ ಗುರುತೂ ಇಲ್ಲ. ಬೆಂಕಿಗೆ ಗಾಳಿ ಸಾಲದಾದಾಗ ಹುಟ್ಟುವ ಈ ಅನಿಲ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ನೆಗಡಿ ಜ್ವರವೆಂದು ಮಲಗಿದವರು ಏಳದೆ ಹೋದದ್ದುಂಟು. 2008ರ ಡಿಸೆಂಬರಿನಲ್ಲಿ ಒಂಟಾರಿಯೊದ ವುಡ್‌ಸ್ಟಾಕಿನಲ್ಲಿ ಗ್ಯಾಸ್ ಅಗ್ಗಿಷ್ಟಿಕೆಯ ಹೊಗೆದಾರಿ ಮುಚ್ಚಿಕೊಂಡು ತಂದೆ, ತಾಯಿ, ಇಬ್ಬರು ಮಕ್ಕಳು ತೀರಿಕೊಂಡ ಮೇಲೆ ಆ ಪ್ರಾಂತ 2013ರಲ್ಲಿ ಮನೆಗಳಿಗೆ ಈ ಅನಿಲದ ಅಲಾರಂ ಕಡ್ಡಾಯ ಮಾಡುವ ಕಾನೂನು ತಂದಿತು. ಅಲಾರಂ ಮಲಗುವ ಕೋಣೆಗಳ ಬಳಿ ಮತ್ತು ಪ್ರತಿ ಮಹಡಿಯಲ್ಲಿ ಇರಬೇಕು; ಹೊಗೆ ಮತ್ತು ಈ ಅನಿಲ ಎರಡಕ್ಕೂ ಒಂದೇ ಡಬ್ಬಿಯಾಗಿರುವುದೂ ಉಂಟು. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುತ್ತದೆಂದು ಅದರ ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ. ಅಡುಗೆಮನೆಯಿಂದ ಅದನ್ನು ದೂರ ಸರಿಸುವುದು ದಾರಿ, ಬ್ಯಾಟರಿ ತೆಗೆಯುವುದಲ್ಲ. ಫರ್ನೇಸ್ ಹೊತ್ತಿಸುವ ದಿನ ಅದರ ಪರೀಕ್ಷೆಯ ಗುಂಡಿ ಒತ್ತಿ, ಹಿಂಬದಿಯಲ್ಲಿ ಮುದ್ರಿಸಿದ ಅವಧಿ ಮುಗಿದಿದೆಯೇ ನೋಡಿ.

ಆರಿಸುವುದು

ಆರಿಸುವುದೆಂದರೆ ಮೂರು ಬೇರೆ ಬೇರೆ ಕೆಲಸ. ಥರ್ಮೊಸ್ಟ್ಯಾಟನ್ನು ಆಫ್ ಮಾಡಿದರೆ ಫರ್ನೇಸ್ ನಿದ್ದೆ ಹೋಗುತ್ತದೆ. ಕೆಂಪು ಸ್ವಿಚ್ ಆರಿಸಿದರೆ ಬೋರ್ಡಿನ ಜೀವ ಹೋಗುತ್ತದೆ. ಕಾಕ್ ಮುಚ್ಚಿದರೆ ಗ್ಯಾಸ್ ನಿಲ್ಲುತ್ತದೆ. ಬೇಸಗೆಗೆ ಮೊದಲನೆಯದು ಸಾಕು. ಹೆಚ್ಚಿನ ಮನೆಗಳಲ್ಲಿ ಏಸಿಯ ಗಾಳಿಯನ್ನೂ ಇದೇ ಬ್ಲೋವರ್ ತಳ್ಳುವುದರಿಂದ ಕೆಂಪು ಸ್ವಿಚ್ ಆರಿಸಿದರೆ ಜುಲೈಯಲ್ಲಿ ಏಸಿಯೂ ಓಡದು. ಹಳೆಯ ಪೈಲಟನ್ನು ಬೇಸಗೆಯಲ್ಲಿ ನಂದಿಸಿದರೆ ಗ್ಯಾಸ್ ಉಳಿಯುತ್ತದೆ, ಉರಿಯಲು ಬಿಟ್ಟರೆ ತೇವದ ಬೇಸ್‌ಮೆಂಟಿನಲ್ಲಿ ತುಕ್ಕು ಕಡಿಮೆ, ನಾನಾದರೆ ನಂದಿಸುತ್ತೇನೆ.

ಡಿಸೆಂಬರ್ ರಜೆಗೆ ಬೆಂಗಳೂರಿಗೋ ಮೈಸೂರಿಗೋ ಹೊರಡುವವರ ಪ್ರಶ್ನೆ ಬೇರೆ. ಮೂರು ವಾರ ಯಾರೂ ಇಲ್ಲದ ಮನೆಗೆ ಗ್ಯಾಸೇಕೆ ಎಂದು ಪೂರ್ತಿ ಆರಿಸಿ ಹೋದರೆ ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ, ಹಿಮ ಕರಗಿದಾಗ ಆ ನೀರು ಮನೆಯೊಳಗೆ ಹರಿಯುತ್ತದೆ. ಮನೆಯನ್ನು ಬೆಚ್ಚಗಿಡುವ ಎಚ್ಚರ ವಹಿಸದಿದ್ದರೆ ಇನ್ಶೂರೆನ್ಸಿನವರು ಅಂಥ ನಷ್ಟವನ್ನು ಕಟ್ಟಿಕೊಡದಿರುವುದೂ ಸಾಮಾನ್ಯ. ಚಳಿಗಾಲದಲ್ಲಿ ಊರಿಗೆ ಹೋಗುವಾಗ ಫರ್ನೇಸನ್ನು ಆರಿಸಬಾರದು. ಥರ್ಮೊಸ್ಟ್ಯಾಟನ್ನು 55 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸಿಗೆ ಇಳಿಸಿ, ಮನೆಗೆ ಬರುವ ನೀರಿನ ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನ ನೀರು ಇಳಿಸಿ ಹೋಗಬೇಕು. ವಾರಕ್ಕೆರಡು ಸಲ ಒಳಗೆ ಬಂದು ನೋಡುವ ಪರಿಚಯದವರ ಕೈಗೆ ಬೀಗದ ಕೈ ಕೊಡುವುದು ಎಲ್ಲಕ್ಕಿಂತ ಭದ್ರ.

ಬೇಸ್‌ಮೆಂಟಿಗೆ ನೀರು ನುಗ್ಗಿ ಫರ್ನೇಸ್ ಮುಳುಗಿದ್ದರೆ, ಒಣಗಿದ ಮೇಲೂ ಅದನ್ನು ಹೊತ್ತಿಸಬಾರದು. ನೀರು ಕುಡಿದ ಗ್ಯಾಸ್ ವಾಲ್ವನ್ನು ಬದಲಾಯಿಸಲೇಬೇಕು. ಮನೆಯ ಹೊರಗಿನ ಮೀಟರಿನ ವಾಲ್ವನ್ನು ಗ್ಯಾಸ್ ಕಂಪನಿಯವರು ಮುಚ್ಚಿ ಹೋಗಿದ್ದರೆ ಸ್ಪ್ಯಾನರ್ ತಂದು ತೆರೆಯುವುದು ಮನೆಯವರ ಕೆಲಸವಲ್ಲ, ಏಕೆಂದರೆ ಗ್ಯಾಸ್ ಮರಳಿದಾಗ ಮನೆಯ ಪ್ರತಿಯೊಂದು ಪೈಲಟನ್ನೂ ಒಂದೊಂದಾಗಿ ನೋಡಿ ಹೊತ್ತಿಸಬೇಕಾಗುತ್ತದೆ.

ರಿಪೇರಿಗೋ, ಹೊಸದನ್ನು ಕೂರಿಸುವುದಕ್ಕೋ ಮೂರನ್ನೂ ನಿಲ್ಲಿಸಬೇಕಾದಾಗ ಮೊದಲು ಥರ್ಮೊಸ್ಟ್ಯಾಟ್, ಆಮೇಲೆ ಕರೆಂಟ್, ಕೊನೆಗೆ ಗ್ಯಾಸ್. ಮತ್ತು ಮೊದಲ ಎರಡರ ನಡುವೆ ಮತ್ತೊಂದು ಕಾಯುವಿಕೆ ಇದೆ. ಥರ್ಮೊಸ್ಟ್ಯಾಟ್ ಆಫ್ ಮಾಡಿದ ಕೂಡಲೇ ವಾಲ್ವ್ ಮುಚ್ಚಿ ಜ್ವಾಲೆ ಆರುತ್ತದೆ, ಹೊಗೆಯ ಫ್ಯಾನ್ ಇನ್ನೂ ಕೆಲವು ಸೆಕೆಂಡು ತಿರುಗಿ ಕೊಳವೆಯಲ್ಲಿ ಉಳಿದದ್ದನ್ನು ಹೊರಗೆ ಹಾಕುತ್ತದೆ, ದೊಡ್ಡ ಬ್ಲೋವರ್ ಮಾತ್ರ ಒಂದೂವರೆ ಎರಡು ನಿಮಿಷ ಓಡುತ್ತಲೇ ಇದ್ದು ಕಾದ ಉಕ್ಕಿನ ಶಾಖವನ್ನೆಲ್ಲ ಮನೆಗೆ ಹಂಚುತ್ತದೆ. ಅಷ್ಟರಲ್ಲೇ ಕೆಂಪು ಸ್ವಿಚ್ ಆರಿಸಿದರೆ ಆ ಶಾಖ ಪೆಟ್ಟಿಗೆಯಲ್ಲೇ ಕುದಿಯುತ್ತದೆ. ಪದೇ ಪದೇ ಹೀಗಾದರೆ ಕೊಳವೆಗಳು ಬೇಗ ಬಿರುಕು ಬಿಡುತ್ತವೆ. ಬ್ಲೋವರಿನ ಸದ್ದು ಪೂರ್ತಿ ನಿಂತು, ಬೆಚ್ಚಗಿದ್ದ ತಗಡು ತಣಿಯುತ್ತ ಒಂದೆರಡು ಸಲ ‘ಟಣ್’ ಎಂದ ಮೇಲೆ ಕೆಂಪು ಸ್ವಿಚ್ಚನ್ನು ಆರಿಸಿ, ಗ್ಯಾಸ್ ಕಾಕಿನ ಹಿಡಿಯನ್ನು ಪೈಪಿಗೆ ಅಡ್ಡವಾಗಿ ತಿರುಗಿಸಬಹುದು.